ಹೊಳೆಯ ದಂಡೆಯ ಹಳೆಯ ರೈಲುಹಾದಿ

ಬೆಟ್ಟಗುಡ್ಡಗಳ ನಡುವೆ ಹರಿಯುವ ನದಿಯು ಸಹಸ್ರಾರು ವರ್ಷಗಳ ಪ್ರವಾಹದಿಂದ ತನಗಾಗಿ ಕಣಿವೆಯೊಂದನ್ನು ಕೊರೆದುಕೊಂಡು, ನೆಲದ ಏರಿಳಿತಗಳನ್ನು ತಾನೇ ತಗ್ಗಿಸಿ, ಕಡಲಿನತ್ತ ಮೃದುವಾದ ಇಳಿಜಾರನ್ನು ಸಿದ್ಧಗೊಳಿಸಿರುವುದರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿಗೆ ದಾರಿ ಹುಡುಕುತ್ತ ಹೊರಟ ಇಂಜಿನಿಯರುಗಳು ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲು ಕಣ್ಣಿಟ್ಟದ್ದು ನದಿಯ ದಂಡೆಯ ಮೇಲೆಯೇ. ಲೋಹದ ಹಳಿಯ ಮೇಲೆ ಲೋಹದ ಗಾಲಿಗೆ ಹಿಡಿತ ಕಡಮೆ. ನೂರಕ್ಕೆ ಒಂದರಂತೆ ಏರುವ ದಾರಿಯಲ್ಲಿಯೇ ಭಾರದ ಬಂಡಿ ನಿಧಾನವಾಗುತ್ತದೆ. ನೂರಕ್ಕೆ ಎರಡರ ಏರು ಬಂದರೆ ಹಿಂದಿನಿಂದ ತಳ್ಳಲು ಮತ್ತೊಂದು ಎಂಜಿನ್ನು ಬೇಕಾಗುತ್ತದೆ. ಆದುದರಿಂದ ಅವರು ದಿಬ್ಬವನ್ನು ಕಡಿದರು, ತಗ್ಗನ್ನು ತುಂಬಿದರು, ಕಡಿದಾದ ತಿರುವುಗಳನ್ನು ದೊಡ್ಡ ಬಾಗುಗಳನ್ನಾಗಿ ಮಾಡಿದರು. ಈ ಶ್ರಮವೆಲ್ಲ ನಡೆದದ್ದು ಕಲ್ಲಿದ್ದಲು, ಮರಮುಟ್ಟು, ಧಾನ್ಯಗಳ ಸಾಗಣೆಗಾಗಿ; ಆದರೆ ಬಂಡಿಗಳು ನಿಂತುಹೋಗಿ ಹಳಿಗಳನ್ನು ಕಿತ್ತ ಮೇಲೂ ಆ ಸಮತೆ ನೆಲದಲ್ಲಿ ಉಳಿದುಕೊಂಡಿತು. ಸೈಕಲ್ಲೂ ಸವಾರನೂ ಸೇರಿ ತೊಂಬತ್ತು ಕಿಲೋ ತೂಗುವರೆಂದು ಇಟ್ಟುಕೊಂಡರೆ, ನೂರಕ್ಕೊಂದರ ಏರಿನಲ್ಲಿ ಪ್ರತಿ ನೂರು ಮೀಟರಿಗೆ ಆ ತೂಕವನ್ನು ಒಂದು ಮೀಟರು ಎತ್ತಬೇಕಾಗುತ್ತದೆ. ಸಾಮಾನ್ಯವಾದ ಗುಡ್ಡಗಾಡು ರಸ್ತೆಯಲ್ಲಿ ಆರೇಳು ಮೀಟರು. ಮೊದಲನೆಯದನ್ನು ಎಪ್ಪತ್ತು ದಾಟಿದ ಹಿರಿಯರೂ ಹತ್ತು ವರ್ಷದ ಮಕ್ಕಳೂ ಮಾಡಬಲ್ಲರು, ಎರಡನೆಯದು ಕಟ್ಟುಮಸ್ತಾದ ಮೈಯವರಿಗೆ ಮಾತ್ರ. ನದೀತೀರದ ರೈಲುಹಾದಿಗಳ ವಿಷಯದಲ್ಲಿ ಕಳೆದ ಅರವತ್ತು ವರ್ಷಗಳಿಂದ ಎದ್ದಿರುವ ಪ್ರಶ್ನೆಗಳೆಲ್ಲವನ್ನೂ, ಅಂದರೆ ನೆಲ ಯಾರದು, ಡಾಂಬರು ಹಾಸಬೇಕೆ ಬೇಡವೆ, ಹೊಳೆಗೆ ಎಷ್ಟು ಹತ್ತಿರ ಹೋಗಬಹುದು, ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿಯನ್ನು ಹೇಗೆ ಹಂಚಬೇಕು ಎಂಬಿವನ್ನು, ಈ ಮೈಬಲವಿಲ್ಲದವರ ಅನುಕೂಲವೆಂಬ ಒಂದೇ ಅಳತೆಗೋಲಿನಿಂದ ಅಳೆಯತಕ್ಕದ್ದೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ರೈಲುದಾರಿಗಳ ಒಟ್ಟು ಉದ್ದ 1916ರಲ್ಲಿ ಸುಮಾರು 2,54,000 ಮೈಲಿಗಳಷ್ಟಾಗಿ ಪರಾಕಾಷ್ಠೆಯನ್ನು ಮುಟ್ಟಿತು. ಅನಂತರ ಮೋಟಾರು ಲಾರಿಯೂ ಹೆದ್ದಾರಿಯೂ ಬೆಳೆದಂತೆಲ್ಲ ಶಾಖಾಮಾರ್ಗಗಳು ಒಂದೊಂದಾಗಿ ಮುಚ್ಚಿದುವು. ಬ್ರಿಟನ್ನಿನಲ್ಲಿ 1963ರಲ್ಲಿ ಪ್ರಕಟವಾದ ಬೀಚಿಂಗ್ ವರದಿಯು 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಸೂಚಿಸಿತು. ಅದೇ 1963ರಲ್ಲಿ ಶಿಕಾಗೋ ಸಮೀಪದಲ್ಲಿ ವಾಸವಾಗಿದ್ದ ಪ್ರಕೃತಿಶಾಸ್ತ್ರಜ್ಞೆ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬಾಕೆ, ಆರು ವರ್ಷಗಳ ಹಿಂದೆಯೇ ಪ್ರಯಾಣಿಕರ ಸಂಚಾರ ನಿಂತಿದ್ದ ವಿದ್ಯುತ್ ರೈಲುದಾರಿಯೊಂದರ ಖಾಲಿ ಪಟ್ಟಿಯನ್ನು ಕಾಲುದಾರಿಯಾಗಿ ಉಳಿಸಬೇಕೆಂದು ‘ಶಿಕಾಗೋ ಟ್ರಿಬ್ಯೂನ್’ ಪತ್ರಿಕೆಗೆ ಕಾಗದ ಬರೆದರು. ಅದರಿಂದ ಇಲಿನಾಯ್ ಪ್ರೇರಿ ಪಾತ್ ಹುಟ್ಟಿತು. ಅದೇ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯವು ಎಲ್‌ರಾಯ್‌ನಿಂದ ಸ್ಪಾರ್ಟಾದವರೆಗಿನ ಸುಮಾರು ಮೂವತ್ತೆರಡು ಮೈಲಿಗಳ ದಾರಿಯನ್ನು ಅದರ ಮೂರು ಸುರಂಗಗಳ ಸಮೇತ ಕೊಂಡು ಸಾರ್ವಜನಿಕರಿಗೆ ತೆರೆಯಿತು. ಇಂಗ್ಲೆಂಡಿನಲ್ಲಿ ಬ್ರಿಸ್ಟಲಿನ ಸೈಕಲ್ ಪ್ರಿಯರು 1979ರಲ್ಲಿ ಗುದ್ದಲಿ ಹಿಡಿದು ಬಾತ್ ನಗರದವರೆಗಿನ ಹದಿಮೂರು ಮೈಲಿಗಳ ದಾರಿಯನ್ನು ಕಟ್ಟಲು ತೊಡಗಿ 1986ರಲ್ಲಿ ಪೂರ್ಣಗೊಳಿಸಿದರು. ಆ ದಾರಿ ಬಾತ್ ಸಮೀಪಿಸುತ್ತಿದ್ದಂತೆ ಏವನ್ ನದಿಯನ್ನು ಹಲವು ಸಲ ದಾಟುತ್ತದೆ. ಸ್ಪೇನ್ ದೇಶವು 1993ರಲ್ಲಿ ಈ ಕಾರ್ಯವನ್ನು ರಾಷ್ಟ್ರೀಯ ಯೋಜನೆಯಾಗಿಯೇ ಕೈಗೆತ್ತಿಕೊಂಡಿತು. ಅಲ್ಲಿಯ ಹಾದಿಗಳಲ್ಲಿ ಅತ್ಯಂತ ವಿಲಕ್ಷಣವಾದದ್ದು ಆಂಡಲೂಸಿಯದ ಪ್ವೆರ್ತೋ ಸೆರ್ರಾನೋದಿಂದ ಓಲ್ವೇರಾಕ್ಕೆ ಹೋಗುವ ಮೂವತ್ತಾರು ಕಿಲೋಮೀಟರುಗಳ ದಾರಿ: 1920ರ ದಶಕದಲ್ಲಿ ಮೂವತ್ತು ಸುರಂಗಗಳನ್ನು ಕೊರೆದು, ಕಣಿವೆಗಳ ಮೇಲೆ ಕಮಾನು ಸೇತುವೆಗಳನ್ನೆತ್ತಿ ಸಿದ್ಧಪಡಿಸಿದ ಆ ಮಾರ್ಗದಲ್ಲಿ ಒಂದು ರೈಲೂ ಓಡಲಿಲ್ಲ, ಇಂದು ಅಲ್ಲಿ ಓಡಾಡತಕ್ಕವರು ಸೈಕಲ್ಲಿನವರು, ಮೇಲೆ ಸಾಫ್ರಮಗೋನ್ ಬಂಡೆಯ ರಣಹದ್ದುಗಳು.

ಆದರೆ ಡಾಂಬರು ಹಾಸಿದ ನದೀತೀರದ ರೈಲುಹಾದಿಗೆ ಆದರ್ಶವೊಂದನ್ನು ತೋರಿಸೆಂದು ಯಾರಾದರೂ ಕೇಳಿದರೆ ನಾನು ಓಹಾಯೋ ರಾಜ್ಯದ ಲಿಟ್ಲ್ ಮಯಾಮಿ ಹಾದಿಯನ್ನು ತೋರಿಸುವೆನು. 1836ರಲ್ಲಿ ಸನದು ಪಡೆದು 1846ರ ಹೊತ್ತಿಗೆ ಸಿನ್ಸಿನ್ನಾಟಿಯಿಂದ ಸ್ಪ್ರಿಂಗ್‌ಫೀಲ್ಡನ್ನು ಮುಟ್ಟಿದ ಲಿಟ್ಲ್ ಮಯಾಮಿ ರೈಲ್‌ರೋಡ್ ಆ ರಾಜ್ಯದ ಮೊದಮೊದಲ ರೈಲುದಾರಿಗಳಲ್ಲೊಂದು. ಅಧ್ಯಕ್ಷನಾಗಿ ಆಯ್ಕೆಗೊಂಡು ಪ್ರಮಾಣವಚನಕ್ಕಾಗಿ ವಾಷಿಂಗ್ಟನ್ನಿಗೆ ಹೊರಟಿದ್ದ ಅಬ್ರಹಾಂ ಲಿಂಕನ್, 1861ರ ಫೆಬ್ರವರಿ 13ರಂದು, ತನ್ನ ಐವತ್ತೆರಡನೆಯ ಹುಟ್ಟುಹಬ್ಬದ ಮರುದಿನ, ಸಿನ್ಸಿನ್ನಾಟಿಯಿಂದ ಕೊಲಂಬಸ್ಸಿಗೆ ಈ ದಂಡೆಯನ್ನು ಹಿಡಿದೇ ಪ್ರಯಾಣ ಮಾಡಿದನು. ಇಂದು ಅದೇ ದಾರಿಯಲ್ಲಿ ಎಪ್ಪತ್ತೈದು ಮೈಲಿಗಳಿಗೂ ಮಿಕ್ಕ ಡಾಂಬರು ಹಾದಿ ಲವ್‌ಲೆಂಡ್, ಮಾರೋ, ಕಾರ್ವಿನ್, ಜೀನಿಯಾ, ಯೆಲೋ ಸ್ಪ್ರಿಂಗ್ಸ್ ಊರುಗಳನ್ನು ಪೋಣಿಸಿಕೊಂಡು ಸಾಗುತ್ತದೆ. ನದಿಯಾದರೋ ಓಹಾಯೋ ರಾಜ್ಯವು 1969ರಲ್ಲಿ ರಮ್ಯನದಿಯೆಂದು ಕಾನೂನಿನ ರಕ್ಷಣೆ ಕೊಟ್ಟ ಮೊದಲನೆಯ ನದಿ. ಹಾದಿಯ ಒಂದು ಪಕ್ಕದಲ್ಲಿ ಸಿಕಮೋರ್ ಮರಗಳು ನೀರಿನತ್ತ ಬಾಗಿ ನಿಂತಿರುತ್ತವೆ. ಕಂದು ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿ ಒಳಗಿನ ಬಿಳುಪು ಕಾಣುವುದರಿಂದ, ಎಲೆಯುದುರಿದ ಚಳಿಗಾಲದಲ್ಲಿ ನದಿ ಎತ್ತ ತಿರುಗಿತೆಂಬುದನ್ನು ಆ ಬಿಳಿಯ ಕಾಂಡಗಳ ಸಾಲನ್ನು ನೋಡಿಯೇ ದೂರದಿಂದ ಗುರುತಿಸಬಹುದು. ಇನ್ನೊಂದು ಪಕ್ಕದಲ್ಲಿ, ಕಿಂಗ್ಸ್ ಮಿಲ್ಸ್ ಬಳಿ, ಪೀಟರ್ಸ್ ತೋಟಾ ಕಾರ್ಖಾನೆಯ ಇಟ್ಟಿಗೆಯ ಕಟ್ಟಡವೂ ಎತ್ತರದ ಚಿಮಣಿಯೂ ಎದುರಾಗುತ್ತವೆ. ಅಲ್ಲಿ 1890ರ ಜುಲೈಯಲ್ಲಿ ರೈಲು ಡಬ್ಬಿಗಳಲ್ಲಿದ್ದ ಸಿಡಿಮದ್ದು ಸ್ಫೋಟಗೊಂಡು ಹಲವರು ಪ್ರಾಣ ಕಳೆದುಕೊಂಡರು. ಇನ್ನಷ್ಟು ಮೇಲಕ್ಕೆ ಹೋದರೆ ದಂಡೆಯ ಗುಡ್ಡದ ನೆತ್ತಿಯಲ್ಲಿ ಫೋರ್ಟ್ ಏನ್ಶೆಂಟ್: ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಮೂಲನಿವಾಸಿಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದ ದಿಬ್ಬಗೋಡೆಗಳು. ಪ್ರಾಚೀನರ ಮಣ್ಣಿನ ಕೆಲಸ, ರೈಲಿನವರ ಮಣ್ಣಿನ ಕೆಲಸ, ಅವೆರಡರ ಮೇಲೆ ಬಹು ಎತ್ತರದಲ್ಲಿ ಕಣಿವೆಯನ್ನು ದಾಟುವ ಹೆದ್ದಾರಿಯ ಸೇತುವೆ, ಇವೆಲ್ಲವನ್ನೂ ಕಾಲ್ನಡಿಗೆಯ ವೇಗದಲ್ಲಿ ಒಂದರ ಬಳಿಕ ಒಂದಾಗಿ ಕಾಣುವ ಭಾಗ್ಯ ಮೋಟಾರಿನಲ್ಲಿ ಹೋಗುವವರಿಗಿಲ್ಲ.

ಇಂತಹ ಹಾದಿಯ ಬೆಲೆಯಿರುವುದು ಅದರ ಅಖಂಡತೆಯಲ್ಲಿ. ನೂರು ಮೈಲಿಯ ಪಟ್ಟಿಯಲ್ಲಿ ನಡುವೆ ಒಂದು ಫರ್ಲಾಂಗು ಮಾರಾಟವಾಗಿ ಅಲ್ಲಿ ಮನೆಯೋ ಮಳಿಗೆಯೋ ಎದ್ದರೆ, ಉಳಿದದ್ದು ಎರಡು ತುಂಡುಗಳಾಗುತ್ತದೆ. ಮತ್ತೆ ಅದನ್ನು ಜೋಡಿಸುವುದು ಬಹುಮಟ್ಟಿಗೆ ಅಸಾಧ್ಯ. ಇದನ್ನು ಮನಗಂಡು ಅಮೆರಿಕದ ಕಾಂಗ್ರೆಸ್ಸು 1983ರಲ್ಲಿ ರಾಷ್ಟ್ರೀಯ ಹಾದಿಗಳ ಕಾಯಿದೆಗೆ ತಿದ್ದುಪಡಿ ತಂದು, ಮುಂದೆಂದಾದರೂ ಮತ್ತೆ ರೈಲು ಬೇಕಾಗಬಹುದೆಂಬ ಕಾರಣದಿಂದ ಖಾಲಿ ಪಟ್ಟಿಯನ್ನು ಕಾಯ್ದಿರಿಸಿ, ಅಲ್ಲಿಯವರೆಗೆ ಅದನ್ನು ನಡೆಯಲೂ ಸೈಕಲ್ ತುಳಿಯಲೂ ಬಳಸಬಹುದೆಂಬ ಏರ್ಪಾಡನ್ನು ಮಾಡಿತು. ಮೂರು ವರ್ಷಗಳ ತರುವಾಯ ಇದೇ ಕೆಲಸಕ್ಕಾಗಿ ರೈಲ್ಸ್-ಟು-ಟ್ರೇಲ್ಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಸ್ಥಾಪಿತವಾಯಿತು. ಆದರೆ ಅನೇಕ ಕಡೆ ರೈಲು ಕಂಪನಿಗಳಿಗಿದ್ದದ್ದು ನೆಲದ ಒಡೆತನವಲ್ಲ, ಆ ನೆಲದ ಮೇಲೆ ರೈಲು ಓಡಿಸುವ ಹಕ್ಕು ಮಾತ್ರ. ರೈಲು ನಿಂತ ಮೇಲೆ ಭೂಮಿ ತಮಗೆ ಮರಳಬೇಕೆಂದು ಪಕ್ಕದ ರೈತರು ವಾದಿಸಿದರು. 1990ರಲ್ಲಿ ವರ್ಮಾಂಟ್ ರಾಜ್ಯದ ಪ್ರಿಸೋ ದಂಪತಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿದರೂ, ಭೂಮಿ ಕಳೆದುಕೊಂಡವರು ಪರಿಹಾರ ಕೇಳುವ ದಾರಿಯನ್ನು ಮುಚ್ಚಲಿಲ್ಲ. 2014ರಲ್ಲಿ ವಯೋಮಿಂಗ್ ರಾಜ್ಯದ ಬ್ರಾಂಟ್ ಪ್ರಕರಣದಲ್ಲಿ, 1875ರ ಕಾಯಿದೆಯಂತೆ ಸರ್ಕಾರ ಕೊಟ್ಟಿದ್ದ ಹಕ್ಕು ರೈಲುದಾರಿಯನ್ನು ತ್ಯಜಿಸಿದೊಡನೆ ಅಳಿದುಹೋಗುತ್ತದೆಂದು ತೀರ್ಪು ಕೊಟ್ಟಿತು. ಸಾರ್ವಜನಿಕ ಹಿತದ ಹೆಸರಿನಲ್ಲಿ ರೈತನ ವಾದವನ್ನು ತುಚ್ಛೀಕರಿಸುವುದು ನ್ಯಾಯವಲ್ಲ. ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಪಟ್ಟಿಯನ್ನು ಉಳಿಸಿಕೊಳ್ಳುವುದೇ ಸರಿಯಾದ ಮಾರ್ಗ. ಅದಕ್ಕೆ ತಗಲುವ ಹಣ ಎಷ್ಟೇ ಆಗಲಿ, ತುಂಡಾದ ಹಾದಿಯನ್ನು ಮತ್ತೆ ಬೆಸೆಯುವ ವೆಚ್ಚಕ್ಕಿಂತ ಕಡಮೆಯೇ.

ರೈಲು ಮರಳಿ ಬರುವುದೆಂಬುದು ಬರಿಯ ಕಲ್ಪನೆಯಲ್ಲವೆಂಬುದು ಕನ್ನಡನಾಡಿನವರಿಗೆ ತಿಳಿದ ಮಾತೇ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟವಿಳಿಯುವ ಮೀಟರ್‌ಗೇಜ್ ದಾರಿಯನ್ನು ಬ್ರಾಡ್‌ಗೇಜಿಗೆ ಬದಲಾಯಿಸುವ ಸಲುವಾಗಿ 1996ರಲ್ಲಿ ಮುಚ್ಚಿದಾಗ, ಸುಮಾರು ಹತ್ತು ವರ್ಷಗಳ ಕಾಲ ಬೆಂಗಳೂರಿನ ತರುಣರು ತಂಡತಂಡವಾಗಿ ಬಂದು ಎಡಕುಮೇರಿಯ ಕಾಡಿನ ನಡುವೆ ಆ ಹಳಿಗಳ ಮೇಲೆ ನಡೆದರು. ಐವತ್ತಕ್ಕೂ ಹೆಚ್ಚು ಸುರಂಗಗಳ ಕತ್ತಲೆಯಲ್ಲಿ ಟಾರ್ಚು ಹಿಡಿದು, ಕೆಳಗೆ ಹೊಳೆ ಭೋರ್ಗರೆಯುತ್ತಿರಲು ತೊಲೆಸೇತುವೆಗಳ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುತ್ತ ಸಾಗಿದ ಆ ನಡಿಗೆಯ ಸೊಬಗನ್ನು ಅನುಭವಿಸಿದವರು ಇಂದಿಗೂ ವರ್ಣಿಸುತ್ತಾರೆ. 2006ರಲ್ಲಿ ಸರಕು ಗಾಡಿಗಳು ಮತ್ತೆ ಓಡತೊಡಗಿದುವು. ಇಂದು ಅಲ್ಲಿ ಹಳಿಯ ಮೇಲೆ ನಡೆಯುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು. ಐವತ್ತಕ್ಕೆ ಒಂದರಂತೆ ಏರುವ ಆ ದಾರಿ ರೈಲಿನ ಮಟ್ಟಿಗೆ ಬಹು ಕಡಿದು, ಕಾಲ್ನಡಿಗೆಗೆ ಬಹು ಸುಲಭ. ಆದರೂ ಹಾಸುಗಲ್ಲಾಗಲಿ ಹಲಗೆಯಾಗಲಿ ಕೈಪಿಡಿಯಾಗಲಿ ಇಲ್ಲದ ಕಾರಣ ಆ ಹತ್ತು ವರ್ಷಗಳಲ್ಲಿ ಅದು ಗಟ್ಟಿಮುಟ್ಟಾದವರ ಸ್ವತ್ತಾಗಿಯೇ ಉಳಿಯಿತು. ಅವರ ತಾಯಿತಂದೆಯರು ಆ ಕಣಿವೆಯನ್ನು ನೋಡಲಿಲ್ಲ. ಇಳಿಜಾರು ಎಷ್ಟು ಮೃದುವಾಗಿದ್ದರೂ ಕಾಲ ಕೆಳಗಿನ ಹಾಸು ಸರಿಯಿಲ್ಲದಿದ್ದರೆ ಅದರ ಪ್ರಯೋಜನ ಎಲ್ಲರಿಗೂ ದೊರೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಸಿನ ಪ್ರಶ್ನೆಯಲ್ಲಿ ಎರಡು ಪಕ್ಷಗಳಿವೆ. ಪಿಟ್ಸ್‌ಬರ್ಗಿನಿಂದ ಕಂಬರ್‌ಲೆಂಡಿನವರೆಗೆ ನೂರೈವತ್ತು ಮೈಲಿ ಸಾಗುವ, 2013ರಲ್ಲಿ ಪೂರ್ಣಗೊಂಡ ಗ್ರೇಟ್ ಆಲಿಗೇನಿ ಹಾದಿಗೆ ಬಹುಪಾಲು ನುಣ್ಣಗೆ ಪುಡಿಮಾಡಿದ ಸುಣ್ಣಕಲ್ಲನ್ನು ಹಾಸಿದೆ. ಓಡುವವರ ಮೊಣಕಾಲಿಗೆ ಅದು ಹಿತ, ಕಣ್ಣಿಗೆ ಕಾಡಿನೊಡನೆ ಹೊಂದಿಕೊಳ್ಳುತ್ತದೆ, ಮಳೆಯ ನೀರು ಸ್ವಲ್ಪವಾದರೂ ಇಂಗುತ್ತದೆ, ಆರಂಭದ ಖರ್ಚೂ ಕಡಮೆ. ಡಾಂಬರಾದರೋ ಬೇಸಗೆಯಲ್ಲಿ ಕಾಯುತ್ತದೆ, ನೀರನ್ನು ಪಕ್ಕಕ್ಕೆ ದೂಡುತ್ತದೆ, ಮರದ ಬೇರು ಕೆಳಗೆ ಹರಿದರೆ ಉಬ್ಬಿ ಬಿರುಕುಬಿಡುತ್ತದೆ. ನೆರಳಿಗೆಂದು ಉಳಿಸಿಕೊಂಡ ಮರವೇ ಹಾದಿಗೆ ಅಡ್ಡಲಾಗಿ ಏಣುಗಳನ್ನೆಬ್ಬಿಸುತ್ತದೆ. ನಡೆಯುವವನು ಅದನ್ನು ಗಮನಿಸದೆ ದಾಟಿಯಾನು, ಆದರೆ ತೆಳು ಗಾಲಿಯ ಸೈಕಲ್ಲಿಗೂ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಕ್ಕೂ ಎರಡು ಬೆರಳೆತ್ತರದ ಆ ಏಣು ಸಾಕಷ್ಟು ದೊಡ್ಡ ತೊಡಕು. ಅದನ್ನು ವರ್ಷವರ್ಷ ಕತ್ತರಿಸಿ ತೇಪೆ ಹಾಕಬೇಕು. ಇಷ್ಟೆಲ್ಲ ದೋಷಗಳನ್ನು ಒಪ್ಪಿಕೊಂಡ ಮೇಲೂ ನಾನು ಡಾಂಬರಿನ ಪಕ್ಷದವನು. ಮಳೆ ನಿಂತ ಅರ್ಧ ತಾಸಿನಲ್ಲಿ ಒಣಗುವ, ಊರುಗೋಲು ಹೂತುಹೋಗದ, ಮಗುವಿನ ತಳ್ಳುಬಂಡಿ ಸಿಕ್ಕಿಕೊಳ್ಳದ ಹಾಸು ಇದ್ದಾಗಲೇ ಹಾದಿಯು ಎಲ್ಲರ ಹಾದಿ. ಸುಣ್ಣಕಲ್ಲಿನ ಮೃದುತ್ವವನ್ನು ಬಯಸುವವರಿಗೆ ಡಾಂಬರಿನ ಅಂಚಿನಲ್ಲಿ ಒಂದು ಮೊಳ ಮಣ್ಣಿನ ಪಟ್ಟಿಯನ್ನು ಬಿಟ್ಟರೆ ಸಾಕು. ಊರುಗೋಲಿನವನಿಗೆ ಅಂತಹ ಬದಲಿ ಏರ್ಪಾಡು ಯಾವುದೂ ಇಲ್ಲ.

ಡಾಂಬರಿಗೆ ಇವೆಲ್ಲಕ್ಕಿಂತ ಗಂಭೀರವಾದ ಕೆಲಸವೊಂದು ಬಿದ್ದಿರುವುದು ಐಡಾಹೋ ರಾಜ್ಯದ ಕೋರ್ ಡಲೇನ್ ನದಿಯ ದಂಡೆಯಲ್ಲಿ. 1880ರ ದಶಕದಿಂದ ಬೆಳ್ಳಿ, ಸೀಸ, ಸತುವುಗಳ ಗಣಿಗಾರಿಕೆಗೆ ಹೆಸರಾದ ಆ ಕಣಿವೆಯಲ್ಲಿ ರೈಲುದಾರಿಯನ್ನು ಕಟ್ಟುವಾಗ ಕೈಗೆ ಹತ್ತಿರವಾಗಿ ದೊರೆತ ಗಣಿಯ ಕಸವನ್ನೇ ಏರಿಗೆ ತುಂಬಿದರು. ಅದರ ಮೇಲೆ ದಶಕಗಳ ಕಾಲ ಅದುರುಪುಡಿಯು ಡಬ್ಬಿಗಳಿಂದ ಸೋರಿ ಬಿದ್ದಿತು. ಹೀಗೆ ಹಳಿಯ ಕೆಳಗಿನ ಮಣ್ಣೆಲ್ಲ ಸೀಸದ ವಿಷದಿಂದ ತುಂಬಿಹೋಯಿತು. ಕೆಲಾಗ್ ಊರಿನ ಬಂಕರ್ ಹಿಲ್ ಕುಲುಮೆಯಲ್ಲಿ 1973ರಲ್ಲಿ ಹೊಗೆ ಸೋಸುವ ಮನೆಗೆ ಬೆಂಕಿ ಬಿದ್ದ ಮೇಲೂ ಉತ್ಪಾದನೆ ನಿಲ್ಲದೆ, ಸುತ್ತಣ ಮಕ್ಕಳ ರಕ್ತದಲ್ಲಿ ಸೀಸವು ಭೀಕರ ಪ್ರಮಾಣಕ್ಕೇರಿತು. 1983ರಲ್ಲಿ ಆ ಪ್ರದೇಶವನ್ನು ಕೇಂದ್ರ ಸರ್ಕಾರವು ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿಸಿತು. ರೈಲು ನಿಂತ ಬಳಿಕ ಆ ವಿಷದ ಏರಿಯನ್ನೆಲ್ಲ ಅಗೆದು ಸಾಗಿಸುವುದು ಕಾರ್ಯಸಾಧ್ಯವೆನಿಸಲಿಲ್ಲ. ಆಗ ಯೂನಿಯನ್ ಪೆಸಿಫಿಕ್ ರೈಲು ಕಂಪನಿ, ಕೇಂದ್ರ ಸರ್ಕಾರ, ಐಡಾಹೋ ರಾಜ್ಯ ಮತ್ತು ಆ ನೆಲದ ಮೂಲ ಒಡೆಯರಾದ ಕೋರ್ ಡಲೇನ್ ಬುಡಕಟ್ಟು, ಈ ನಾಲ್ವರೂ ಒಡಂಬಟ್ಟು, ಕೆಲವೆಡೆ ಮಣ್ಣನ್ನು ತೆಗೆದು, ಉಳಿದುದರ ಮೇಲೆ ದಪ್ಪವಾದ ಡಾಂಬರಿನ ಹೊದಿಕೆ ಹಾಸಿ ವಿಷವನ್ನು ಕೆಳಗೇ ಮುಚ್ಚಿಬಿಡುವುದೆಂದು ನಿಶ್ಚಯಿಸಿದರು. ಮಲನ್ ಊರಿನಿಂದ ಪ್ಲಮರ್‌ವರೆಗೆ ಎಪ್ಪತ್ತು ಮೈಲಿಗಳಿಗೂ ಮಿಕ್ಕಿದ ಆ ಹಾದಿ 2004ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಬುಡಕಟ್ಟಿನ ನೆಲದ ಭಾಗವನ್ನು ಬುಡಕಟ್ಟಿನವರೂ ಉಳಿದುದನ್ನು ರಾಜ್ಯವೂ ನೋಡಿಕೊಳ್ಳುತ್ತವೆ. ದಾರಿಯುದ್ದಕ್ಕೂ ನಿಲ್ಲಿಸಿದ ಫಲಕಗಳು, ಡಾಂಬರನ್ನು ಬಿಟ್ಟಿಳಿಯಬೇಡಿ, ಗೊತ್ತುಮಾಡಿದ ಜಾಗಗಳಲ್ಲಿಯೇ ಕುಳಿತುಣ್ಣಿ, ಉಣ್ಣುವ ಮುನ್ನ ಕೈ ತೊಳೆಯಿರಿ ಎಂದು ಎಚ್ಚರಿಸುತ್ತವೆ. ಕೆಳದಂಡೆಯ ಜೌಗಿನಲ್ಲಿ ವಲಸೆ ಬಂದು ಇಳಿಯುವ ಟಂಡ್ರಾ ಹಂಸಗಳು ಕೆಸರಿನಲ್ಲಿ ಗಡ್ಡೆಬೇರುಗಳನ್ನು ಹುಡುಕುತ್ತ ಸೀಸವನ್ನು ನುಂಗಿ ಸಾಯುತ್ತವೆ; ಅವಕ್ಕೆ ಓದಲು ಫಲಕಗಳಿಲ್ಲ. ಸುಂದರವಾದ ಆ ಹಾದಿಯನ್ನು ಹೊಗಳುವವರು ಅದರ ಹುಟ್ಟಿನ ಈ ಕಾರಣವನ್ನು ಮುಚ್ಚಿಡಬಾರದು. ಅಲ್ಲಿ ಡಾಂಬರು ಬಿರಿಯುವುದೆಂದರೆ ಸವಾರಿಯ ಸುಖ ಕೆಡುವುದಷ್ಟೇ ಆಗದೆ, ಮುಚ್ಚಿಟ್ಟ ವಿಷಕ್ಕೆ ಬಾಗಿಲು ತೆರೆದಂತಾಗುತ್ತದೆ. ಆದುದರಿಂದ ದುರಸ್ತಿಯನ್ನು ಮುಂದೂಡಲು ಅಲ್ಲಿ ಯಾರಿಗೂ ಅಧಿಕಾರವಿಲ್ಲ. ಅದೇ ಹಾದಿಯ ಚಾಟ್‌ಕೋಲೆಟ್ ಸೇತುವೆಯಲ್ಲಿ ಇನ್ನೊಂದು ನೋಡತಕ್ಕ ಕೆಲಸವಿದೆ. ಮೂರು ಸಾವಿರ ಅಡಿಗಿಂತಲೂ ಉದ್ದವಾದ ಆ ಹಳೆಯ ತಿರುಗುಸೇತುವೆಯ ನಡುಭಾಗವನ್ನು ದೋಣಿಗಳು ಹಾಯಲೆಂದು ಎತ್ತರಿಸಿದಾಗ, ರೈಲಿಗಿಲ್ಲದ ಏರೊಂದು ಸೈಕಲ್ಲಿಗೂ ಗಾಲಿಕುರ್ಚಿಗೂ ಎದುರಾಯಿತು. ಅದನ್ನು ಒಂದೇ ಏರಾಗಿ ಬಿಡದೆ, ಸ್ವಲ್ಪ ಏರು, ಸ್ವಲ್ಪ ಮಟ್ಟಸ, ಮತ್ತೆ ಸ್ವಲ್ಪ ಏರು ಎಂಬಂತೆ ಹಂತಹಂತವಾಗಿ ಒಡೆದು, ದಣಿದವರು ನಡುನಡುವೆ ಉಸಿರಾಡಲು ಅನುವುಮಾಡಿದ್ದಾರೆ. ನಾನು ಮೊದಲು ಹೇಳಿದ ಅಳತೆಗೋಲನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದ ಮತ್ತೊಂದು ಸೇತುವೆಯನ್ನು ನಾನರಿಯೆ.

ನದಿಯ ಸಾಮೀಪ್ಯವು ವರವಾದಂತೆ ಋಣವೂ ಹೌದು. ಫಿಲಡೆಲ್ಫಿಯಾದಿಂದ ವ್ಯಾಲಿ ಫೋರ್ಜಿನತ್ತ ಹೋಗುವ ಸ್ಕೂಲ್‌ಕಿಲ್ ನದಿಯ ಹಾದಿಯು 2021ರ ಸೆಪ್ಟೆಂಬರಿನಲ್ಲಿ ಐಡಾ ಚಂಡಮಾರುತದ ಮಳೆಗೆ ಸಿಕ್ಕಿ ಅಲ್ಲಲ್ಲಿ ಮುಳುಗಿಹೋಯಿತು. ನೀರಿಳಿದಾಗ ಡಾಂಬರಿನ ಮೇಲೆ ಕೆಸರೂ ಮರದ ದಿಮ್ಮಿಗಳೂ ರಾಶಿಬಿದ್ದಿದ್ದುವು. ಇಲ್ಲಿಯೂ ಗಟ್ಟಿ ಹಾಸಿನದೇ ಮೇಲುಗೈ. ಕೆಸರನ್ನು ಸಲಿಕೆಯಿಂದ ಗೋರಿ ತೆಗೆದರೆ ಹಾಸು ಹಾಗೆಯೇ ಉಳಿದಿರುತ್ತದೆ, ಸುಣ್ಣಕಲ್ಲಾದರೆ ಕೆಸರಿನೊಡನೆ ಅದೂ ಕೊಚ್ಚಿಹೋಗುತ್ತದೆ. ಆದರೆ ದಂಡೆಯೇ ಕುಸಿದಲ್ಲಿ ಯಾವ ಹಾಸೂ ನಿಲ್ಲದು. ಹಳೆಯ ರೈಲಿನವರು ಕಟ್ಟಿದ ಕಲ್ಲಿನ ಮೋರಿಗಳನ್ನು ಪ್ರತಿವರ್ಷ ಬಿಡಿಸಿ ಸ್ವಚ್ಛಗೊಳಿಸುವುದು, ಹೊಳೆಗೂ ಹಾದಿಗೂ ನಡುವಿನ ಮರಗಳನ್ನು ನೋಟಕ್ಕೆ ಅಡ್ಡಿಯೆಂದು ಕಡಿಯದಿರುವುದು, ಇವೆರಡೂ ಉದ್ಘಾಟನೆಯ ದಿನ ಯಾರ ನೆನಪಿಗೂ ಬಾರದ, ಮುಂದಿನ ಮಳೆಗಾಲಗಳಲ್ಲಿ ಹಾದಿಯನ್ನು ಉಳಿಸುವ ಕೆಲಸಗಳು.

ಉಳಿದದ್ದು ನಡೆಯುವವರ ಮತ್ತು ಸೈಕಲ್ಲಿನವರ ನಡುವಣ ವ್ಯಾಜ್ಯ. ಅಮೆರಿಕದಲ್ಲಿ ಎಲ್ಲರೂ ಬಲಕ್ಕೆ ಹೋಗುತ್ತ, ಹಿಂದಿನಿಂದ ಮೀರಿ ಹೋಗುವವರು ಗಂಟೆ ಬಾರಿಸಿ ‘ನಿಮ್ಮ ಎಡಕ್ಕೆ ಬರುತ್ತಿದ್ದೇನೆ’ ಎಂದು ಕೂಗುವ ರೂಢಿ ಇದೆ. ಕಿವಿ ಮಂದವಾದವರಿಗೂ, ಕಿವಿಯಲ್ಲಿ ಸಂಗೀತ ತುಂಬಿಕೊಂಡವರಿಗೂ ಆ ಕೂಗು ತಲುಪುವುದಿಲ್ಲ. ಹತ್ತು ಅಡಿ ಅಗಲದ ಹಾದಿ ಹಳ್ಳಿಗಾಡಿನಲ್ಲಿ ಧಾರಾಳ, ಪಟ್ಟಣದ ಅಂಚಿನಲ್ಲಿ ಭಾನುವಾರ ಬೆಳಗ್ಗೆ ಇಕ್ಕಟ್ಟು. ವಿದ್ಯುತ್ ಸೈಕಲ್ಲುಗಳು ಬಂದ ಮೇಲೆ ಈ ಇಕ್ಕಟ್ಟು ಹೆಚ್ಚಿದೆ. ಆದರೆ ಮೊಣಕಾಲು ಸೋತವರನ್ನು ಮತ್ತೆ ಹಾದಿಗೆ ತಂದಿರುವುದೂ ಅವೇ ಆದುದರಿಂದ ಅವನ್ನು ನಿಷೇಧಿಸುವವರೊಡನೆ ನಾನು ಸೇರಲಾರೆ. ನಿಯಂತ್ರಿಸಬೇಕಾದದ್ದು ವೇಗವನ್ನು. ಜನಸಂದಣಿಯ ಭಾಗಗಳಲ್ಲಿ ಹಳೆಯ ರೈಲು ಏರಿಯು ಎರಡು ಜೊತೆ ಹಳಿಗಳಿಗಾಗುವಷ್ಟು ಅಗಲವಾಗಿರುವ ಕಡೆಗಳಲ್ಲಾದರೂ, ಒಂದರಲ್ಲಿ ಗಾಲಿಗಳನ್ನೂ ಇನ್ನೊಂದರಲ್ಲಿ ಕಾಲುಗಳನ್ನೂ ಬಿಡಲು ಯಾವ ಅಡ್ಡಿಯೂ ಇಲ್ಲ. ಬ್ರಿಸ್ಟಲ್ ಬಾತ್ ಹಾದಿಯ ನಗರದ ಕಡೆಯ ಭಾಗದಲ್ಲಿ, ಕಚೇರಿಗೆ ಧಾವಿಸುವ ಸೈಕಲ್ಲಿನವರೂ ಶಾಲೆಗೆ ಹೋಗುವ ಮಕ್ಕಳೂ ಒಂದೇ ಮೂರು ಮೀಟರಿನ ಪಟ್ಟಿಯನ್ನು ಹಂಚಿಕೊಂಡಿರುವಲ್ಲಿ, ಈ ಕೆಲಸಕ್ಕೆ ಮೊದಲ ಸ್ಥಾನ ಸಲ್ಲಬೇಕು. ಸಲ್ಲುವವರೆಗೆ ನಡೆಯುವವರಿಗೇ ಅಗ್ರಾಧಿಕಾರವೆಂದು ಗೊತ್ತುಪಡಿಸಿ, ಸೈಕಲ್ಲಿನವರು ಅವರ ಬೆನ್ನ ಹಿಂದೆ ವೇಗವನ್ನು ತಗ್ಗಿಸತಕ್ಕದ್ದೆಂದು ಫಲಕ ಹಾಕುವುದಕ್ಕೆ ಹೆಚ್ಚಿನ ಹಣವೇನೂ ಬೇಕಾಗುವುದಿಲ್ಲ.